ಸತ್ತ ರಾಬಿನ್ ಮನೆಗೆ ಮರಳಿದರೆ ಯಾರು ಕ್ಷಮೆ ಕೇಳಬೇಕು? ಬ್ಯಾಟ್‌ಮ್ಯಾನ್ ಫ್ಯಾನ್ ಫಿಕ್ಷನ್ ಓದುವವರಿಗೆ, ಬರೆಯುವವರಿಗೆ

ಅಮಾನಿಕೆರೆ ದಂಡೆ (ತುಮಕೂರು)

ಕನ್ನಡದಲ್ಲಿ ಬ್ಯಾಟ್‌ಮ್ಯಾನ್ ಫ್ಯಾನ್ ಫಿಕ್ಷನ್, ಅಂದರೆ ಆ ಕಾಮಿಕ್ಸ್ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಕತೆ, ಬರೆಯುತ್ತಿರುವವಳು ನಾನು. ಓದುಗರು ಬೆರಳೆಣಿಕೆಯವರು. ಆದರೆ ಓದುವವರು ಬಿಡದೆ ಓದುತ್ತಾರೆ, ಸಲಿಗೆಯಿಂದ ಬೈಯುತ್ತಾರೆ. ಈಗ ಕತೆ ಒಂದು ಕಡೆ ಕಚ್ಚಿಕೊಂಡು ನಿಂತಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬ್ಯಾಟ್‌ಮ್ಯಾನ್ ಅಂದರೆ ಬ್ರೂಸ್ ವೇಯ್ನ್. ಚಿಕ್ಕವನಿದ್ದಾಗಲೇ ಕಣ್ಣೆದುರು ತಂದೆತಾಯಿಯ ಕೊಲೆಯಾಯಿತು. ಸಾಕಿದವನು ಮನೆಯ ಬಟ್ಲರ್ ಆಲ್‌ಫ್ರೆಡ್. ಬ್ರೂಸ್ ದೊಡ್ಡವನಾದ ಮೇಲೆ ತನ್ನಂತೆಯೇ ಅನಾಥನಾದ ಸರ್ಕಸ್ ಹುಡುಗ ಡಿಕ್ ಗ್ರೇಸನ್‌ನನ್ನು ಮನೆಗೆ ಕರೆತಂದ. ಅವನು ಮೊದಲ ರಾಬಿನ್, ಅಂದರೆ ಬ್ಯಾಟ್‌ಮ್ಯಾನ್‌ನ ಜೊತೆಗಾರ. ಎರಡನೆಯವನು ಜೇಸನ್ ಟಾಡ್. ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್‌ನ ಬೀದಿಯಲ್ಲಿ ಬೆಳೆದವನು, ಬ್ಯಾಟ್‌ಮ್ಯಾನ್‌ನ ಕಾರಿನ ಚಕ್ರವನ್ನೇ ಕದಿಯಲು ಹೋಗಿ ಸಿಕ್ಕಿಬಿದ್ದವನು. 1988ರ ಕತೆಯಲ್ಲಿ ಬ್ಯಾಟ್‌ಮ್ಯಾನ್‌ನ ಬದ್ಧವೈರಿ ಜೋಕರ್ ಅವನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು, ಬಾಂಬಿಟ್ಟು ಕೊಂದ. ಆಮೇಲೆ ಟಿಮ್ ಡ್ರೇಕ್ ಎಂಬ ಹುಡುಗ ರಾಬಿನ್ ಆದ. 2005ರ ಹೊತ್ತಿಗೆ ಜೇಸನ್ 'ರೆಡ್ ಹುಡ್' ಎಂಬ ಹೆಸರಿನಲ್ಲಿ ಬದುಕಿ ಬಂದ. ಅವನ ಸಿಟ್ಟು, ಬ್ರೂಸ್ ತನ್ನನ್ನು ಉಳಿಸಲಿಲ್ಲ ಎಂಬುದಕ್ಕಲ್ಲ. ತನ್ನನ್ನು ಕೊಂದ ಜೋಕರ್‌ನನ್ನು ಬ್ರೂಸ್ ಇನ್ನೂ ಏಕೆ ಬದುಕಲು ಬಿಟ್ಟಿದ್ದಾನೆ ಎಂಬುದಕ್ಕೆ.

ನನ್ನ ಕತೆ ಅಲ್ಲಿಂದ ಮುಂದಕ್ಕೆ. ಜೇಸನ್ ಮನೆಗೆ ಮರಳುತ್ತಾನೆ. ರಕ್ತಸಂಬಂಧವಿಲ್ಲದ ಈ ಜನರೆಲ್ಲ ಮತ್ತೆ ಒಂದು ಮನೆಯವರಾಗಬೇಕು. ನಾನು ಬರೆದ ಅಧ್ಯಾಯದಲ್ಲಿ ಬ್ರೂಸ್ "ನನ್ನನ್ನು ಕ್ಷಮಿಸು ಮಗನೇ" ಎಂದು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಅಳುತ್ತಾರೆ, ಮುಂದಿನ ಪುಟದಲ್ಲಿ ಎಲ್ಲರೂ ಊಟದ ಮೇಜಿನ ಸುತ್ತ ಇದ್ದಾರೆ. ಸಾಲುಗಳು ಚೆನ್ನಾಗಿವೆ ಎಂದು ಈಗಲೂ ನನ್ನ ವಾದ. ಆದರೆ ಒಬ್ಬ ಓದುಗರು ಬರೆದರು: "ಇಷ್ಟು ಬೇಗ ವಾಸಿಯಾಗುವುದು ನೆಗಡಿ ಮಾತ್ರ." ಉತ್ತರ ಹೊಳೆಯಲಿಲ್ಲ.

ಹೇಳಿ, ಬ್ರೂಸ್ ಕ್ಷಮೆ ಕೇಳಬೇಕೆ? ಯಾವಾಗ? ಇನ್ನೊಂದು ತೊಡಕೂ ಇದೆ. ಮನೆಯ ಕೆಳಗಿನ ಬ್ಯಾಟ್‌ಮ್ಯಾನ್‌ನ ಗುಟ್ಟಿನ ಗುಹೆಯಲ್ಲಿ ಜೇಸನ್‌ನ ರಾಬಿನ್ ಉಡುಪನ್ನು ಗಾಜಿನ ಪೆಟ್ಟಿಗೆಯಲ್ಲಿ ನೆನಪಿಗಾಗಿ ಇಟ್ಟಿದ್ದಾರಲ್ಲ, ಹುಡುಗ ಬದುಕಿ ಬಂದ ಮೇಲೆ ಅದನ್ನು ಏನು ಮಾಡುವುದು?

ತೆಂಗಿನ ನಾಡು (ತಿಪಟೂರು)

ನಮ್ಮಲ್ಲಿ ಕತೆಗಳಿಗೆ ಬರವೇ? ಅಮೆರಿಕದ ಸಿರಿವಂತ ರಾತ್ರಿ ಬಾವಲಿ ವೇಷ ಹಾಕಿಕೊಂಡು ಓಡಾಡುವುದನ್ನು ಕನ್ನಡದಲ್ಲಿ ಬರೆದು ಏನಾಗಬೇಕು? ಅಷ್ಟೊಂದು ಆಸೆಯಿದ್ದರೆ ಆ ಜೇಸನ್‌ನನ್ನು ತುಮಕೂರಿಗಾದರೂ ಕರೆತನ್ನಿ.

ಅಮಾನಿಕೆರೆ ದಂಡೆ

ಕರೆತಂದರೆ ಅವನು ಜೇಸನ್ ಆಗಿ ಉಳಿಯುವುದಿಲ್ಲ ಸರ್. ಅವನ ನೋವೆಲ್ಲ ಗಾಥಮ್‌ನದು. ಕ್ಯಾತ್ಸಂದ್ರದಲ್ಲಿ ಕೂರಿಸಿ ತಟ್ಟೆ ಇಡ್ಲಿ ತಿನ್ನಿಸಿದರೆ ಓದುಗರು ನಗುತ್ತಾರೆ, ಅಳುವುದಿಲ್ಲ. ನನಗೆ ಅಳಿಸಬೇಕಾಗಿದೆ.

ಶಿರಾ ಗೇಟ್

ಅಳಿಸುವ ಮೊದಲು ಒಂದು ಸಂಗತಿ ನೆನಪಿರಲಿ. ಜೇಸನ್‌ನನ್ನು ಕೊಂದದ್ದು ಜೋಕರ್ ಒಬ್ಬನೇ ಅಲ್ಲ, ಓದುಗರು. ಪ್ರಕಾಶಕರು ಎರಡು ಫೋನ್ ಸಂಖ್ಯೆ ಕೊಟ್ಟು, ಹುಡುಗ ಉಳಿಯಬೇಕೇ ಸಾಯಬೇಕೇ ಎಂದು ಕೇಳಿದ್ದರು. ಸಾಯಲಿ ಎಂದವರ ಕರೆ 5,343. ಬದುಕಲಿ ಎಂದವರದು 5,271. ಬರೇ 72 ಕರೆಗಳ ಅಂತರ! ಅಂದು ದುಡ್ಡು ಕೊಟ್ಟು ಕರೆ ಮಾಡಿ ಹುಡುಗನನ್ನು ಸಾಯಿಸಿದರು, ಇಂದು ಓದುಗರೇ ರಾತ್ರಿಯೆಲ್ಲ ಕೂತು, ದುಡ್ಡು ಕಾಸು ಇಲ್ಲದೆ, ಅವನನ್ನು ಮನೆಗೆ ಸೇರಿಸುವ ಕತೆ ಬರೆಯುತ್ತಿದ್ದಾರೆ. ಇಡೀ ಫ್ಯಾನ್ ಫಿಕ್ಷನ್ ಲೋಕದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಸಂಗತಿ ಇಲ್ಲ.

ತಿಪಟೂರಿನ ಸರ್, ಇದು ಹುಡುಗಾಟ ಎಂದುಕೊಳ್ಳಬೇಡಿ. 'ಆರ್ಕೈವ್ ಆಫ್ ಅವರ್ ಓನ್' ಎಂಬ ಫ್ಯಾನ್ ಫಿಕ್ಷನ್ ಭಂಡಾರ 2009ರಲ್ಲಿ ಶುರುವಾಯಿತು, ಲಾಭಕ್ಕಲ್ಲ, ಸ್ವಯಂಸೇವಕರೇ ನಡೆಸುವುದು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿ ಬಂತು. ಅಲ್ಲಿ ಇಂಥ ಕತೆಗಳಿಗೆ 'ಹರ್ಟ್/ಕಂಫರ್ಟ್' ಎಂಬ ಹಣೆಪಟ್ಟಿಯೇ ಬೇರೆ ಇದೆ. ಮೊದಲು ಗಾಯ, ಆಮೇಲೆ ಸಾಂತ್ವನ. ಕೆಟ್ಟ ಬರಹಗಾರರು ಗಾಯಕ್ಕೆ ಹತ್ತು ಅಧ್ಯಾಯ ಕೊಟ್ಟು ಸಾಂತ್ವನಕ್ಕೆ ಒಂದು ಅಪ್ಪುಗೆ ಕೊಡುತ್ತಾರೆ. ನೀವು ಆ ಸಾಲಿಗೆ ಸೇರಬೇಡಿ.

ಗುಬ್ಬಿ ರಸ್ತೆ

ಅನ್ಯರ ಪಾತ್ರ ತೆಗೆದುಕೊಂಡು ನಮ್ಮ ಮನಸ್ಸಿನಂತೆ ಬರೆಯುವುದು ಕನ್ನಡಕ್ಕೆ ಹೊಸದೇ? ಪಂಪ ವ್ಯಾಸರ ಕತೆ ಹಿಡಿದುಕೊಂಡು ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ. ಹಾಗೆ ಮಾಡಿಯೂ ಕರ್ಣನನ್ನು ಕಂಡರೆ ಅವನ ಕರುಳು ಕರಗುತ್ತಿತ್ತು. ಹೆತ್ತವಳು ಹೊಳೆಗೆ ಬಿಟ್ಟಳು, ಸೂತನ ಮನೆಯವರು ಸಾಕಿದರು, ದುರ್ಯೋಧನ ಪಕ್ಕದಲ್ಲಿ ಕೂರಿಸಿಕೊಂಡ. ತಿಪಟೂರಿನವರು ಇದಕ್ಕೆ ಆಕ್ಷೇಪ ಎತ್ತುವುದೇ ಆಶ್ಚರ್ಯ. ಪುರಾಣದ ಕತೆಗಳನ್ನು ಆಡುವ ಮೂಡಲಪಾಯ ಯಕ್ಷಗಾನಕ್ಕೆ ಹೆಸರಾದ ಕೊನೇಹಳ್ಳಿ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ!

ಇನ್ನು ಅಮಾನಿಕೆರೆಯವರ ಪ್ರಶ್ನೆಗೆ ಬರುತ್ತೇನೆ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರೇ ಬಾಲನಟರಾಗಿ ಅಲ್ಲಿಗೆ ಸೇರಿದವರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದರು. ಮುಂದೆ ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದ್ದೂ ವೀರಣ್ಣನವರೇ. ಈ ಕೊನೆಯ ಸಂಗತಿ ನಿಮ್ಮ ಕತೆಗೆ ಬೇಕಾದದ್ದು. ಹುಡುಗನಿಗೆ ಪಾತ್ರ ಕೊಡುವುದು ದೊಡ್ಡದಲ್ಲ, ಅದರಿಂದ ಕಂಪನಿಗೂ ಲಾಭ. ಹುಡುಗ ಕಂಪನಿ ಬಿಟ್ಟು ಹೋಗುತ್ತಾನೆ ಎಂದು ಗೊತ್ತಿದ್ದೂ ಓದಲು ಕಳಿಸುವುದಿದೆಯಲ್ಲ, ಅಲ್ಲಿ ಯಜಮಾನ ಹೋಗಿ ತಂದೆ ಬರುತ್ತಾನೆ.

ನಿಮ್ಮ ಬ್ರೂಸ್ ಜೇಸನ್‌ಗೆ ಕೊಟ್ಟದ್ದು ಏನು? ರಾಬಿನ್ ಎಂಬ ಪಾತ್ರ. ಆ ಪಾತ್ರ ಈಗ ಟಿಮ್ ಎಂಬವನ ಬಳಿ ಇದೆ. ಹಾಗಿರುವಾಗ ಆ ಮನೆಯಲ್ಲಿ ಜೇಸನ್‌ಗೆ ಏನು ಉಳಿದಿದೆ? ಅದನ್ನು ಬರೆಯಿರಿ ತಾಯಿ.

ಅಮಾನಿಕೆರೆ ದಂಡೆ

ಈ ದಿಕ್ಕಿನಲ್ಲಿ ನಾನು ಯೋಚಿಸಿಯೇ ಇರಲಿಲ್ಲ. ಬ್ರೂಸ್‌ಗೆ ಜೇಸನ್‌ನಿಂದ ಯಾವ ಉಪಯೋಗವೂ ಇರಬಾರದು ಅಂದ ಹಾಗಾಯಿತು.

ಗುಬ್ಬಿ ರಸ್ತೆ

ಹೌದು. ಉಪಯೋಗವಿಲ್ಲದಿದ್ದರೂ ಒಂದು ಹಾಸಿಗೆ, ಒಂದು ತಟ್ಟೆ ಇರಬೇಕು.

ಚಾಂಪಿಯನ್ ರೀಫ್ (ಕೆಜಿಎಫ್)

ಎಲ್ಲರೂ ಕ್ಷಮೆ, ಕ್ಷಮೆ ಎನ್ನುತ್ತಿದ್ದೀರಿ. ನಮ್ಮ ಮನೆಗಳಲ್ಲಿ ಯಾವ ಅಪ್ಪ ಮಗನ ಕ್ಷಮೆ ಕೇಳಿದ್ದಾನೆ?

ನಮ್ಮ ತಂದೆ ಗಣಿಯಲ್ಲಿ ಇಳಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಕೆಲವು ತಿಂಗಳಲ್ಲಿ ನಾನು ಶಾಲೆಯ ಯಾವುದೋ ಪ್ರವಾಸಕ್ಕೆ ದುಡ್ಡು ಕೇಳಿದೆ. ಕೆನ್ನೆಗೆ ಬಿತ್ತು. ಅದುವರೆಗೆ ಕೈ ಎತ್ತಿದವರಲ್ಲ. ಬೆಳಗ್ಗೆ ಎದ್ದು ನೋಡಿದರೆ ನನ್ನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದರು. ಸಡಿಲವಾಗಿದ್ದ ಪೆಡಲನ್ನು ಬಿಗಿದರು. ಎಷ್ಟೋ ದಿನದಿಂದ ಹೇಳಿದ್ದರೂ ಆಗದಿದ್ದ ಬ್ರೇಕೂ ಅಂದು ಸರಿಹೋಯಿತು. ನನ್ನ ಮುಖ ನೋಡಲಿಲ್ಲ, ಒಂದು ಮಾತು ಆಡಲಿಲ್ಲ. ನನಗೆ ಅರ್ಥವಾಯಿತು.

ಬ್ರೂಸ್ ವೇಯ್ನ್ ಕೂಡ ಇದೇ ಜಾತಿಯ ಗಂಡಸು. ಅವನ ಬಾಯಲ್ಲಿ "ಕ್ಷಮಿಸು ಮಗನೇ" ಎಂದು ಹೇಳಿಸಿದರೆ ಅದು ಬ್ರೂಸ್ ಅಲ್ಲ, ಧಾರಾವಾಹಿಯ ಅಪ್ಪ.

ಶಿರಾ ಗೇಟ್

ಅಣ್ಣ, ಮನಸ್ಸಿಗೆ ಮುಟ್ಟಿತು. ಆದರೆ ನಿಮಗೆ ಬಿದ್ದದ್ದು ಒಂದು ಏಟು. ಜೇಸನ್ ಗೋರಿಯಿಂದ ಎದ್ದು ಬಂದವನು. ಸೈಕಲ್ಲಿಗೆ ಎಣ್ಣೆ ಬಿಟ್ಟರೆ ಸಾಲದು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುವವಳು. ಕಾಮಿಕ್ಸ್ ಅಷ್ಟಾಗಿ ಓದಿದವಳಲ್ಲ. ಆದರೆ ಈ ಚರ್ಚೆ ಓದುತ್ತ ಊಟ ತಣ್ಣಗಾಯಿತು.

ಆಘಾತದ ಬಗ್ಗೆ ಕೆಲಸ ಮಾಡಿದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದರು. ಮೊದಲು ಸುರಕ್ಷತೆ. ಆಮೇಲೆ ಆದದ್ದನ್ನು ನೆನೆದು ದುಃಖಿಸುವುದು. ಕೊನೆಗೆ ಮತ್ತೆ ಜನರ ನಡುವೆ ಬೆರೆಯುವುದು. ಹಂತಗಳು ಮೆಟ್ಟಿಲಿನಂತೆ ಒಂದಾದ ಮೇಲೊಂದು ಬರುವುದಿಲ್ಲ, ಮನುಷ್ಯ ಹಿಂದೆ ಮುಂದೆ ಓಡಾಡುತ್ತಾನೆ. ಅಮಾನಿಕೆರೆಯವರು ಮೂರನೆಯದನ್ನೇ ಮೊದಲು ಬರೆದಿದ್ದಾರೆ. ಹುಡುಗನಿಗೆ ಆ ಮನೆಯಲ್ಲಿ ನಿದ್ದೆ ಬರುತ್ತದೆಯೇ ಎಂಬುದೇ ಇನ್ನೂ ಗೊತ್ತಿಲ್ಲ, ಆಗಲೇ ಊಟದ ಮೇಜಿಗೆ ಕೂರಿಸಿದ್ದಾರೆ!

ಕಬ್ಬಿಣದ ಸಲಾಕೆಯಲ್ಲಿ ಹೊಡೆಸಿಕೊಂಡವನು ಎಂದಿರಿ. ಹಾಗಾದರೆ ಗ್ಯಾರೇಜಿನಲ್ಲಿ ಯಾರೋ ಜ್ಯಾಕ್ ರಾಡು ಕೆಳಗೆ ಹಾಕಿದರೆ ಏನಾಗುತ್ತದೆ? ಅವನು ಅಳುವುದಿಲ್ಲ. ಮಾತು ಅರ್ಧಕ್ಕೆ ನಿಲ್ಲಬಹುದು, ಕೈ ಬೆವರಬಹುದು, ಕಾರಣವಿಲ್ಲದೆ ಯಾರ ಮೇಲೋ ರೇಗಬಹುದು. ಬಾಗಿಲು ಕಾಣುವ ಕಡೆಗೇ ಮುಖ ಮಾಡಿ ಕೂರಬಹುದು. ಕಣ್ಣೀರಿಗಿಂತ ಇವು ಹೆಚ್ಚು ಹೇಳುತ್ತವೆ.

ಕೆಜಿಎಫ್ ಅಣ್ಣನವರೇ, ನಿಮ್ಮ ತಂದೆಯ ಎಣ್ಣೆ ಡಬ್ಬಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಅದು ಅರ್ಥವಾಗುವುದಿಲ್ಲ. ನಲವತ್ತರ ಗಂಡಸರು ನಮ್ಮ ವಿಭಾಗಕ್ಕೆ ಬಂದು "ಅಪ್ಪ ಒಂದು ಸಲವಾದರೂ ಬಾಯಿಬಿಟ್ಟು ಹೇಳಬಹುದಿತ್ತು" ಎನ್ನುವುದನ್ನು ಕೇಳಿದ್ದೇನೆ. ಊಟ ಬಡಿಸುವುದು, ಸೈಕಲ್ ರಿಪೇರಿ ಮಾಡುವುದು ಬಾಗಿಲು ತೆರೆಯುತ್ತದೆ. ಒಳಗೆ ಹೋಗಲು ಮಾತು ಬೇಕು.

ಅಂದ ಹಾಗೆ, ಇಂಥ ಕತೆ ಬರೆಯುವವರಿಗೂ ಓದುವವರಿಗೂ ಕೆಲವೊಮ್ಮೆ ತಮ್ಮದೇ ಹಳೆಯದು ಮೇಲೆದ್ದು ಬರುತ್ತದೆ. 14416 ಟೆಲಿ ಮಾನಸ್ ಸಂಖ್ಯೆ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಚಾಂಪಿಯನ್ ರೀಫ್

ಮೇಡಂ, ನಿಮ್ಮ ಅನುಭವದ ಮುಂದೆ ನಾನು ವಾದಿಸುವುದಿಲ್ಲ. ಆದರೂ ನನ್ನ ಮಾತು ಬದಲಾಗಿಲ್ಲ.

ಶಿರಾ ಗೇಟ್

ಮಾತನಾಡಲು ಬ್ರೂಸ್‌ನೇ ಏಕೆ ಬೇಕು? ಬಾರ್ಬರಾ ಗಾರ್ಡನ್ ಇದ್ದಾಳೆ. ಗಾಥಮ್‌ನ ಪೊಲೀಸ್ ಕಮಿಷನರ್ ಮಗಳು, ಹಿಂದೆ ಬ್ಯಾಟ್‌ಗರ್ಲ್ ಆಗಿದ್ದವಳು. ಅವಳಿಗೆ ಗುಂಡು ಹೊಡೆದವನೂ ಜೋಕರ್, ಆ ಕತೆ ಬಂದದ್ದೂ 1988ರಲ್ಲೇ. ಆಮೇಲೆ ಬಹಳ ವರ್ಷ ಅವಳು ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು, ಕಂಪ್ಯೂಟರ್ ಮುಂದೆ, 'ಒರಾಕಲ್' ಎಂಬ ಹೆಸರಿನಲ್ಲಿ ಬಂದಳು. ಎಲ್ಲ ನಾಯಕರಿಗೂ ಮಾಹಿತಿ ಕೊಡುವವಳು ಅವಳೇ. 2011ರಲ್ಲಿ ಪ್ರಕಾಶಕರು ಅವಳನ್ನು ಮತ್ತೆ ನಡೆಯುವಂತೆ ಮಾಡಿದಾಗ ಎಷ್ಟೋ ಓದುಗರು ಸಂತೋಷಪಡಲಿಲ್ಲ, ಸಿಟ್ಟಾದರು. ಅವಳು ವಾಸಿಯಾಗಿದ್ದಳು, ಕಾಲು ವಾಸಿಯಾಗಿರಲಿಲ್ಲ, ಅಷ್ಟೇ. ಆ ವ್ಯತ್ಯಾಸ ಗೊತ್ತಿರುವ ಒಬ್ಬಳೇ ಒಬ್ಬಳು ಆ ಮನೆಗೆ ಬಂದು ಹೋಗುತ್ತಾಳೆ. ಅವಳನ್ನು ಬಳಸಿಕೊಳ್ಳದೆ ಬ್ರೂಸ್‌ನಿಂದ ಭಾಷಣ ಮಾಡಿಸುತ್ತೀರಲ್ಲ!

ಟ್ರಂಕು ಹುಡುಗ (ಮಧುಗಿರಿ)

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ರಕ್ತಸಂಬಂಧವಿಲ್ಲದ ಕುಟುಂಬ ಅಂದ ಕೂಡಲೇ ಎಲ್ಲರ ದನಿಯೂ ಮೃದುವಾಗಿಬಿಡುತ್ತದೆ. ನಾನು ಅಂಥದರಲ್ಲಿ ಬೆಳೆದವನು, ಆದ್ದರಿಂದ ಸ್ವಲ್ಪ ಒರಟಾಗಿ ಹೇಳುತ್ತೇನೆ.

ತುಮಕೂರು ಕಡೆ ಹಾಸ್ಟೆಲ್ ಅಂದರೆ ಮೊದಲು ಸಿದ್ಧಗಂಗಾ ಮಠದ ನೆನಪು ಬರುತ್ತದೆ, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಜಾಗ. ನಾನಿದ್ದದ್ದು ಅಲ್ಲಲ್ಲ, ಬೇರೊಂದು ಸಣ್ಣ ಹಾಸ್ಟೆಲ್. ಸೇರಿದ ದಿನ ನನಗೆ ಕೊಟ್ಟ ಟ್ರಂಕಿನ ಮುಚ್ಚಳದ ಒಳಗೆ ಇನ್ನೊಬ್ಬ ಹುಡುಗನ ಹೆಸರನ್ನು ಮೊಳೆಯಲ್ಲಿ ಕೆತ್ತಿತ್ತು. ಹೆಸರಿನ ಕೆಳಗೆ ಊರು, ಅದರ ಕೆಳಗೆ ಒಂದು ಬಸ್ಸಿನ ಚಿತ್ರ. ಬಿಟ್ಟುಹೋದವನದು. ಮಲಗುವ ಜಾಗವೂ ಅವನದೇ. ಪಕ್ಕದ ಹುಡುಗರು ಬಹಳ ದಿನ ನನ್ನನ್ನು ಅವನ ಹೆಸರಿನಿಂದಲೇ ಕರೆಯುತ್ತಿದ್ದರು, ಕೆಲವರು ತಮಾಷೆಗೆ, ಒಬ್ಬ ಮಾತ್ರ ಬೇಕೆಂದೇ. ಆ ಒಬ್ಬ ಹೋದವನ ಗೆಳೆಯ. ನಾನು ಏನೂ ಮಾಡಿರಲಿಲ್ಲ, ಆದರೂ ಅವನ ಕಣ್ಣಿಗೆ ಕಳ್ಳನಾಗಿದ್ದೆ.

ಅದಕ್ಕೇ ಕೇಳುತ್ತೇನೆ, ಇಡೀ ಚರ್ಚೆಯಲ್ಲಿ ಟಿಮ್ ಎಲ್ಲಿದ್ದಾನೆ? ಎಲ್ಲರೂ ಬ್ರೂಸ್ ಜೇಸನ್‌ಗೆ ಏನು ಹೇಳಬೇಕು ಎನ್ನುತ್ತಿದ್ದೀರಿ. ಮೂಲ ಕತೆಯಲ್ಲಿ ಜೇಸನ್ ಹೋಗಿ ಟಿಮ್‌ನನ್ನು ಚೆನ್ನಾಗಿ ಹೊಡೆದಿದ್ದಾನೆ, ತನ್ನ ಜಾಗ ಕಸಿದವನು ಎಂದು. ಆ ಹುಡುಗ ಮಾಡಿದ್ದೇನು? ಖಾಲಿಯಿದ್ದ ಟ್ರಂಕು ತೆಗೆದುಕೊಂಡ. ಗಾಯವಾದವನೇ ಇನ್ನೊಬ್ಬನಿಗೆ ಗಾಯ ಮಾಡಿದ್ದಾನೆ. ಇದನ್ನು ಮುಟ್ಟದೆ ಆ ಮನೆಯವರನ್ನೆಲ್ಲ ಒಂದೇ ಮೇಜಿಗೆ ಕೂರಿಸಿದರೆ ಟಿಮ್ ಪಾಲಿಗೆ ಅದು ಊಟವಲ್ಲ, ಶಿಕ್ಷೆ.

ತೆಂಗಿನ ನಾಡು

ಈಗ ನನಗೂ ಕುತೂಹಲ ಬಂದಿದೆ. ಆ ಗಾಜಿನ ಪೆಟ್ಟಿಗೆ ಏನಾಯಿತು? ನಮ್ಮಲ್ಲಿ ಬದುಕಿರುವವರ ಫೋಟೋಗೆ ಹಾರ ಹಾಕಿದರೆ ಮನೆಯಲ್ಲಿ ರಾದ್ಧಾಂತವಾಗುತ್ತದೆ. ಆ ಹುಡುಗ ತನ್ನ ಹಾರ ಹಾಕಿದ ಫೋಟೋವನ್ನು ತಾನೇ ನೋಡಿಕೊಂಡು ಓಡಾಡಬೇಕೇ? ಮೊದಲು ತೆಗೆಸಿ ಅದನ್ನು.

ಅಮಾನಿಕೆರೆ ದಂಡೆ

ನಿಮ್ಮೆಲ್ಲರ ಮಾತು ಕೇಳಿಕೊಂಡು ನಿನ್ನೆ ರಾತ್ರಿ ಅಪ್ಪುಗೆಯ ದೃಶ್ಯ ತೆಗೆದು ಇದನ್ನು ಬರೆದೆ. ಓದಿ, ಬೈಯಿರಿ.

*ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆಲ್‌ಫ್ರೆಡ್ ಮರೆಯುವವನಲ್ಲ. ಒಲೆಯ ಮೇಲಿದ್ದ ಸೂಪಿನ ಪಾತ್ರೆ ಇನ್ನೂ ಬೆಚ್ಚಗಿತ್ತು. ಜೇಸನ್ ನಿಂತೇ ಕುಡಿದ, ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ಬಟ್ಟಲು ತೊಳೆದ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಕಪಾಟು ತೆರೆದ. ಬಟ್ಟಲುಗಳು ಮೊದಲಿದ್ದ ಜಾಗದಲ್ಲೇ ಇದ್ದವು. ಅಂಚು ಒಡೆದ ನೀಲಿ ಲೋಟವೂ ಇತ್ತು. ಒಡೆದವನು ಅವನೇ. ಎಸೆದುಬಿಡುವುದಾಗಿ ಆಲ್‌ಫ್ರೆಡ್ ಅಂದು ಗದರಿಸಿದ್ದ.*

*ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬ್ರೂಸ್ ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.*

*"ಕೆಳಗಿನ ಗಾಜಿನ ಪೆಟ್ಟಿಗೆಯನ್ನು ನಾಳೆ ತೆಗೆಸುತ್ತೇನೆ."*

*"ಯಾರನ್ನು ಕೇಳಿ?"*

*ಬ್ರೂಸ್ ಸುಮ್ಮನಿದ್ದ.*

*"ಅದರಲ್ಲಿರುವುದು ನನ್ನ ಬಟ್ಟೆ. ಇಡುವಾಗ ಕೇಳಲು ನಾನಿರಲಿಲ್ಲ, ಸರಿ. ಈಗ ಇದ್ದೇನಲ್ಲ."*

*"ತೆಗೆಯಲೇ?"*

*ಜೇಸನ್ ಬಟ್ಟಲನ್ನು ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿದ. "ಬೇಡ. ಇನ್ನೂ ಬೇಡ."*

ನಂದಿ ತಪ್ಪಲು

ಕೇಳಿದನಲ್ಲ, ಅಷ್ಟು ಸಾಕು ಈ ಅಧ್ಯಾಯಕ್ಕೆ. ಹೊಸ್ತಿಲು ದಾಟದಿದ್ದದ್ದು ಬಹಳ ಒಳ್ಳೆಯದಾಯಿತು. ಒಂದೇ ಬಾಗಿಲಿರುವ ಕೋಣೆಯಲ್ಲಿ ಬಾಗಿಲಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳಿ, ಹಿಂಬಾಗಿಲು ಅವನ ಪಾಲಿಗಿರಲಿ.

ಚಾಂಪಿಯನ್ ರೀಫ್

ನೋಡಿ, ಅಂಚು ಒಡೆದ ಲೋಟ! ಯಾರೂ ಕ್ಷಮೆ ಕೇಳಲಿಲ್ಲ, ಆದರೂ ಹುಡುಗನಿಗೆ ತಿಳಿಯಿತು. ನಾನು ಹೇಳಿದ್ದೂ ಇದೇ.

ಶಿರಾ ಗೇಟ್

ಲೋಟ ಉಳಿಸಿದವನು ಆಲ್‌ಫ್ರೆಡ್, ಬ್ರೂಸ್ ಅಲ್ಲ. ಬ್ರೂಸ್‌ನ ಸಾಲ ಹಾಗೆಯೇ ಇದೆ. ಜೋಕರ್ ಬಗ್ಗೆ ಜೇಸನ್ ಕೇಳಿದ ಪ್ರಶ್ನೆಗೆ ಅವನು ಯಾವತ್ತಾದರೂ ಉತ್ತರಿಸಲೇಬೇಕು. "ಒಮ್ಮೆ ಕೊಂದರೆ ನಾನು ನಿಲ್ಲಲಾರೆ" ಎಂಬ ಹಳೆಯ ಉತ್ತರ ಬೇಡ, ಮಗನಿಗೆ ಅದು ಸಾಲದು.

ಗುಬ್ಬಿ ರಸ್ತೆ

ಸೂಪು ಕುಡಿದು ಲೋಟ ನೋಡುವವರೆಗೆ ಸೊಗಸಾಗಿದೆ. "ಈಗ ಇದ್ದೇನಲ್ಲ" ಎಂಬಲ್ಲಿ ರಂಗದ ಮೇಲಾಗಿದ್ದರೆ ಒಂದು ನಿಲುಗಡೆ ಕೊಡುತ್ತಿದ್ದರು. ನೀವೂ ಕೊಡಿ. ಬ್ರೂಸ್ ಅಷ್ಟು ಬೇಗ ಬಾಯಿ ತೆರೆಯಬಾರದು.

ಅಮಾನಿಕೆರೆ ದಂಡೆ

ಕೊಡುತ್ತೇನೆ. ಬಾರ್ಬರಾಗೆ ಒಂದು ಪೂರ್ತಿ ಅಧ್ಯಾಯ ಇಡುತ್ತೇನೆ, ಅಲ್ಲಿ ಅವಳು ಜೇಸನ್‌ಗೆ ಉಪದೇಶ ಮಾಡುವುದಿಲ್ಲ, ಕೆಲಸ ಮಾಡುತ್ತ ಕೂತಿರುತ್ತಾಳೆ, ಅವನು ಪಕ್ಕದಲ್ಲಿರುತ್ತಾನೆ. ಟಿಮ್ ಬಗ್ಗೆ ನಿರ್ಧಾರ ಮಾಡಿದ್ದೇನೆ. ಜೇಸನ್ ಬಂದು ಕ್ಷಮೆ ಕೇಳುತ್ತಾನೆ, ಟಿಮ್ ಕ್ಷಮಿಸುವುದಿಲ್ಲ. ಕತೆ ಮುಗಿಯುವವರೆಗೂ ಕ್ಷಮಿಸುವುದಿಲ್ಲ.

ಚಾಂಪಿಯನ್ ರೀಫ್

ಹಾಗಾದರೆ ಅದು ಕುಟುಂಬ ಹೇಗಾಗುತ್ತದೆ? ಇಷ್ಟೆಲ್ಲ ಓದಿದವರಿಗೆ ಕೊನೆಗೆ ಒಂದು ನೆಮ್ಮದಿ ಬೇಡವೇ?

ಟ್ರಂಕು ಹುಡುಗ

ಆಗುತ್ತದೆ ಅಣ್ಣ. ನನ್ನನ್ನು ಬೇರೆಯವನ ಹೆಸರಿನಿಂದ ಕರೆಯುತ್ತಿದ್ದನಲ್ಲ, ಅವನು ಮತ್ತು ನಾನು ವರ್ಷಗಟ್ಟಲೆ ಮಾತು ಬಿಟ್ಟಿದ್ದೆವು. ನನಗೆ ಟೈಫಾಯ್ಡ್ ಬಂದಾಗ ಅಡುಗೆಮನೆಯ ಸರದಿಯಲ್ಲಿ ಎರಡು ತಟ್ಟೆ ಹಿಡಿದು ನಿಂತವನು ಅವನೇ. ಗಂಜಿ ತಂದು ಟ್ರಂಕಿನ ಮೇಲಿಟ್ಟು ಹೋಗುತ್ತಿದ್ದ. ಜ್ವರ ಬಿಟ್ಟ ಮೇಲೂ ನಾವು ಮಾತಾಡಲಿಲ್ಲ. ಹೋದ ವರ್ಷ ನನ್ನ ತಂಗಿಯ ಮದುವೆಯಲ್ಲಿ ಬಡಿಸಲು ನಿಂತಿದ್ದ.

ಅಮಾನಿಕೆರೆ ದಂಡೆ

ಎರಡು ತಟ್ಟೆ ಹಿಡಿದು ನಿಲ್ಲುವುದನ್ನು ನಿಮ್ಮಿಂದ ಕದಿಯುತ್ತಿದ್ದೇನೆ.

ಟ್ರಂಕು ಹುಡುಗ

ಕದಿಯಿರಿ. ಗಾಥಮ್‌ನಲ್ಲಿ ಗಂಜಿ ಮಾತ್ರ ಬಡಿಸಬೇಡಿ.

ತೆಂಗಿನ ನಾಡು

ಮುಂದಿನ ಅಧ್ಯಾಯ ಯಾವಾಗ?